ಹೆಬ್ಬಗೋಡಿಯಲ್ಲಿ ಉಳಿದ ಹೆಸರು

ಜಾಲಹಳ್ಳಿಯ ಕಮಲಮ್ಮನಿಗೆ ಹೆಸರುಗಳ ಹುಚ್ಚು. ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹಾಜರಿ ಪುಸ್ತಕ ಬರೆದವರು. ಕೆಲಸ ಬಿಟ್ಟು ಹೋದವರ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ತಾರೀಕು, ಅಷ್ಟೇ. ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಹೊಸದಾಗಿ ಸೇರಿದವರು ಯಾರಾದರೂ ಬಿಳಿ ಬಣ್ಣ ಬಳಿದು ಹೆಸರು ಮುಚ್ಚಿದರೆ ವಾರಗಟ್ಟಲೆ ಅವರ ಜೊತೆ ಮಾತು ಬಿಡುತ್ತಿದ್ದರು. ಅಂಥ ಜಗಮೊಂಡಿ.

ನಿವೃತ್ತಿಯಾದ ಮೇಲೆ ವಿಭೂತಿ ಹಚ್ಚಿಕೊಂಡು ಮನೆಯಲ್ಲಿ ಹಾಯಾಗಿ ಕೂತಿರಬಹುದಿತ್ತು. ಕೂತರೆ ತಾನೆ! ಪೀಣ್ಯದಲ್ಲಿ ಕೆಲಸ ಹುಡುಕುವ ಹೆಂಗಸರಿಗೆಂದು ಮಹಿಳಾ ಸಂಘದವರು ಒಂದು ವೆಬ್‌ಸೈಟ್ ಮಾಡಿಸಿದ್ದರು. ಅದರ ಪಟ್ಟಿಯ ಹೊಣೆಯನ್ನು ತಾವೇ ಮೈಮೇಲೆ ಎಳೆದುಕೊಂಡರು. ಹೆಸರು, ಊರು, ಬರುವ ಕೆಲಸ, ಈಗಿರುವ ಕಡೆ, ಫೋನ್ ನಂಬರ್. ಊರನ್ನಂತೂ ಬರೆಯಲೇಬೇಕು, ಯಾಕೆಂದರೆ ಬಾಗಲಕೋಟೆ ಕಡೆಯ ಮೇಸ್ತ್ರಿ ಮೊದಲು ಹುಡುಕುವುದು ಬಾಗಲಕೋಟೆ ಕಡೆಯವರನ್ನೇ.

ಬೆಂಗಳೂರಿನ ಇನ್ನೊಂದು ತುದಿಯ ಹೆಬ್ಬಗೋಡಿಯ ಕಾರ್ಮಿಕರ ಸಂಘಕ್ಕೂ ಇಂಥದ್ದೇ ವೆಬ್‌ಸೈಟ್ ಇತ್ತು, ಬೇರೆ ಸರ್ವರ್‌ನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಮಲ್ಲಿಕ್, ಒಂದೇ ಹೆಸರನ್ನು ಎರಡು ಕಡೆ ಯಾಕೆ ಟೈಪ್ ಮಾಡಬೇಕು ಅಂತ ಒಂದು ಏರ್ಪಾಡು ಮಾಡಿದ. ದಿನಾ ಬೆಳಿಗ್ಗೆ ಆರಕ್ಕೆ ಅವನ ಸರ್ವರ್ ಇವರ ಸರ್ವರನ್ನು ಎರಡೇ ಮಾತು ಕೇಳುತ್ತಿತ್ತು: ನಿನ್ನೆಯಿಂದ ಹೊಸದೇನು ಬಂತು, ಇದ್ದದ್ದರಲ್ಲಿ ಏನು ಬದಲಾಯ್ತು? ಸಿಕ್ಕಿದ್ದನ್ನು ನಕಲು ಮಾಡಿಕೊಳ್ಳುತ್ತಿತ್ತು. ಕೆಲಸ ಸಿಕ್ಕವಳ ಸಾಲಿಗೆ ಕಮಲಮ್ಮ ‘ಇನ್ನು ಬೇಡ’ ಅಂತ ಗುರುತು ಹಾಕಿದರೆ ಅದೂ ಒಂದು ಬದಲಾವಣೆಯೇ. ಮಾರನೆ ಬೆಳಿಗ್ಗೆ ಹೆಬ್ಬಗೋಡಿಯಲ್ಲೂ ಆ ಹೆಸರು ಮರೆಯಾಗುತ್ತಿತ್ತು. ಕಮಲಮ್ಮನಿಗೆ ಇದು ತಮ್ಮ ಹಳೇ ಕೆಂಪು ಗೆರೆಯೇ ಅನ್ನಿಸಿ ಭಾರಿ ಖುಷಿಯಾಯಿತು.

ಭಾಗ್ಯಶ್ರೀ ಬಂದದ್ದು ದೀಪಾವಳಿ ಕಳೆದ ಮೇಲೆ. ಬಾದಾಮಿ ಹತ್ತಿರದ ಹಳ್ಳಿಯವಳು. ಕಂಕುಳಲ್ಲಿ ಎರಡು ವರ್ಷದ ಮಗಳು, ಗಂಡ ಮುರಿದ ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು. ಕಮಲಮ್ಮ ಅವಳನ್ನು ಪಟ್ಟಿಗೆ ಸೇರಿಸಿದರು, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಕೊಡಿಸಿದರು, ‘ಈಗಿರುವ ಕಡೆ’ ಎಂಬಲ್ಲಿ ಆ ಫ್ಯಾಕ್ಟರಿಯ ಹೆಸರನ್ನೂ ಅಚ್ಚುಕಟ್ಟಾಗಿ ಬರೆದರು. ಕೆಲಸ ಕಾಯಂ ಆಗಲಿ ಅಂತ ‘ಇನ್ನು ಬೇಡ’ ಗುರುತನ್ನು ಮಾತ್ರ ಇನ್ನೂ ಹಾಕಿರಲಿಲ್ಲ. ಹದಿನೈದು ದಿನ ಬಿಟ್ಟು ಅವಳು ನಡುಗುತ್ತಾ ವಾಪಸ್ ಬಂದಳು. ಗಂಡ ಮುತ್ತು ಬೆಂಗಳೂರಿಗೆ ಬಂದು ಕಂಡಕಂಡವರ ಹತ್ತಿರ ವಿಚಾರಿಸುತ್ತಿದ್ದಾನಂತೆ.

“ನನ್ನ ಹೆಸರು ಪೂರಾ ತಗದ್ ಬಿಡ್ರೀ ಅಮ್ಮಾರ. ಗುರ್ತು ಸೈತ ಇರಬಾರ್ದು.”

‘ಇನ್ನು ಬೇಡ’ ಗುರುತು ಹಾಕಿದರೆ ಸಾಕು, ಯಾರಿಗೂ ಕಾಣುವುದಿಲ್ಲ ಅಂತ ಕಮಲಮ್ಮ ಹೇಳಿ ನೋಡಿದರು. ಹುಡುಗಿ ನಂಬಲಿಲ್ಲ, ಅಳು ನಿಲ್ಲಿಸಲಿಲ್ಲ. ಕರುಳು ಚುರುಕ್ಕೆಂದು, ಜನ್ಮದಲ್ಲಿ ಮಾಡದ ಕೆಲಸ ಮಾಡಿಬಿಟ್ಟರು: ಅವಳ ಕಣ್ಣೆದುರಿಗೇ ಇಡೀ ಸಾಲನ್ನು ಡಿಲೀಟ್ ಮಾಡಿದರು. ಹುಡುಕಿ ತೋರಿಸಿದರು. ಇರಲಿಲ್ಲ. ಭಾಗ್ಯಶ್ರೀ ಕಾಲು ಮುಟ್ಟಿ ಹೋದಳು.

ಅಯ್ಯೋ ಕಮಲಮ್ಮ, ಆವತ್ತು ಒಂದು ದಿನ ಹಳೇ ಮೊಂಡುತನ ಎಲ್ಲಿ ಹೋಗಿತ್ತು ನಿಮಗೆ! ಮಾರನೆ ಬೆಳಿಗ್ಗೆ ಹೆಬ್ಬಗೋಡಿಯ ಸರ್ವರ್ ಎಂದಿನಂತೆ ಹೊಸದನ್ನು ಕೇಳಿತು, ಬದಲಾದದ್ದನ್ನು ಕೇಳಿತು. ಇಲ್ಲವಾದದ್ದನ್ನು ಕೇಳು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಅವಳ ಹೆಸರು, ಊರು, ಫ್ಯಾಕ್ಟರಿ ಎಲ್ಲವೂ ಇದ್ದ ಹಾಗೇ ಉಳಿದವು.

ಫೆಬ್ರವರಿಯ ಒಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮಲ್ಲಿಕ್ ಫೋನ್ ಮಾಡಿದ. ದನಿಯಲ್ಲೇ ಸಂಭ್ರಮ.

“ಮೇಡಂ, ನಮ್ಮ ಪಟ್ಟಿಯಿಂದ ಒಂದು ಸಂಸಾರ ಒಂದಾಗ್ತಿದೆ. ಗಂಡ ಬಂದು ಊರ ಹೆಸರು ಹಾಕಿ ಹುಡುಕಿದ, ಹೆಂಡ್ತಿ ಸಿಕ್ಕಿಬಿಟ್ಲು. ಪಾಪ, ಅತ್ತೇಬಿಟ್ಟ. ನಾನೇ ಪೀಣ್ಯಕ್ಕೆ ದಾರಿ ಹೇಳಿ ಬಸ್ ಹತ್ತಿಸ್ದೆ.”

 ಯಾವ ಊರು ಅಂತ ಕಮಲಮ್ಮ ಕೇಳಿದರು, ಅವನು ಹೇಳಿದ್ದು ಭಾಗ್ಯಶ್ರೀಯ ಹಳ್ಳಿಯನ್ನೇ. ಬಸ್ ಹತ್ತಿಸಿ ಎರಡು ಗಂಟೆಯ ಮೇಲಾಗಿತ್ತು. ನಡೆದದ್ದನ್ನು ಇವರು ತಿಳಿಸುತ್ತಿದ್ದಂತೆ ಅವನು ತನ್ನ ಪಟ್ಟಿಯಿಂದಲೂ ಆ ಸಾಲನ್ನು ಅಳಿಸಿದ. ಭಾಗ್ಯಶ್ರೀಯ ಫೋನ್ ಆಫ್ ಆಗಿತ್ತು, ಕೆಲಸದ ಹೊತ್ತಿನಲ್ಲಿ ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು. ಫ್ಯಾಕ್ಟರಿಯ ನಂಬರ್ ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಕಮಲಮ್ಮ ಬಿದ್ದೆನೋ ಎದ್ದೆನೋ ಅಂತ ಆಟೋ ಹಿಡಿದರು.

ಗೇಟಿನ ಮುಂದೆ ಹೊಂಗೆ ಮರದ ಕೆಳಗೆ ಒಬ್ಬ ನಿಂತಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಗುಲಾಬಿ ಬಣ್ಣದ ಪುಟ್ಟ ಫ್ರಾಕು. ಕಮಲಮ್ಮನನ್ನು ಕಂಡು ವಿನಯದಿಂದ ಕೇಳಿದ:

“ಅಮ್ಮಾರ, ಐದೂವರಿಗೆ ಬಿಡ್ತಾರೇನ್ರೀ?”

ಗೊತ್ತಿಲ್ಲಪ್ಪ ಅಂದು ಒಳಗೆ ನಡೆದರು.  ವಾಚ್‌ಮನ್ ಆವಲಪ್ಪ ಪರಿಚಯದವನು. ವಿಷಯ ಕೇಳಿದವನೇ ಎರಡನೇ ಮಾತಾಡದೆ ಭಾಗ್ಯಶ್ರೀಯನ್ನು ಮೆಷಿನ್ನಿನಿಂದ ಎಬ್ಬಿಸಿ, ಫ್ಯಾಕ್ಟರಿಯ ಶಿಶುವಿಹಾರದಲ್ಲಿದ್ದ ಮಗುವನ್ನು ಎತ್ತಿಕೊಟ್ಟು, ಬಟ್ಟೆಯ ಲಾರಿಗಳು ಬರುವ ಹಿಂದಿನ ಗೇಟಿನಿಂದ ಹೊರಗೆ ಬಿಟ್ಟ. ಹಿಂದಿನ ರಸ್ತೆಯಲ್ಲಿ ಕಮಲಮ್ಮ ಅವಳ ಸೊಟ್ಟ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದರು, ತಪ್ಪು ನನ್ನದೇ ತಾಯಿ ಅಂತ ಅತ್ತರು. ಮಲ್ಲಿಕ್ ಈಗ ಅಲ್ಲಿಂದಲೂ ತೆಗೆದಿದ್ದಾನೆ, ಇನ್ನು ಎಲ್ಲೂ ಇಲ್ಲ ಅಂದರು. ಭಾಗ್ಯಶ್ರೀ ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿ ಆಟೋ ಒಂದಕ್ಕೆ ಕೈ ಮಾಡಿದಳು.

ಎಲ್ಲಿಗೆ ಹೋಗ್ತೀಯ, ಅದನ್ನಾದರೂ ಹೇಳು, ಅಲ್ಲೂ ಕೆಲಸ ಕೊಡಿಸ್ತೀನಿ ಅಂತ ಕಮಲಮ್ಮ ಗೋಗರೆದರು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ಹೇಳಂಗಿಲ್ರೀ ಅಮ್ಮಾರ,” ಅಂದಳು. “ನೀವು ಬರ್ಕೋತೀರಿ.”

ಆಟೋ ಹೊರಟಿತು. ಅದರ ಹಿಂದಿದ್ದ ನಂಬರ್ ಕಣ್ಣಿಗೆ ಬೀಳದ ಹಾಗೆ ಕಮಲಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.