ಗಾಳಿಕಡ್ಡಿಯ ಗರಿ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಒಲೆಯ ಮೇಲೆ ಎಸರು ಕಾಯುವಷ್ಟು ಹೊತ್ತಿನಲ್ಲೂ ಒಂದು ಸಲ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರಬೇಕು. ಫೋನಿನಲ್ಲಿ ಹವಾಮಾನದ ನಕ್ಷೆ ಸಿಕ್ಕಮೇಲಂತೂ ಕೇಳಲೇಬೇಡಿ, ಎಸರು ಉಕ್ಕಿ ಒಲೆ ಆರಿಹೋದರೂ ಗೊತ್ತಾಗುತ್ತಿರಲಿಲ್ಲ. ‘ಇವ್ಳು ಆಕಾಸ್ವ ಅಂಗೈಲಿ ಇಟ್ಕಂಡವ್ಳ’ ಎಂದು ಮನೆಯವರು ರೇಗಿಸುತ್ತಿದ್ದರು.

ನಮ್ಮದು ಗಡಿಯ ಊರು, ತಮಿಳೂ ಬರುತ್ತದೆ. ನಕ್ಷೆ ಓದುವುದನ್ನು ತಮಿಳಿನ ಒಂದು ವಿಡಿಯೊ ನೋಡಿ ಕಲಿತೆ. ಅರ್ಧ ನೋಡಿ ಕಲಿತೆ ಅಂದರೆ ಸರಿ. ಕೊನೆಯವರೆಗೆ ನೋಡುವ ತಾಳ್ಮೆ ನನಗೆಲ್ಲಿಯದು? ಪ್ರತಿ ಊರಿಗೂ ಒಂದು ಸಣ್ಣ ಸುತ್ತು. ಸುತ್ತು ಖಾಲಿ ಇದ್ದರೆ ಬಾನು ತಿಳಿ, ಕಪ್ಪು ತುಂಬಿದ್ದರೆ ಮೋಡ. ಸುತ್ತಿನಿಂದ ಹೊರಟ ಒಂದು ಕಡ್ಡಿ, ಅದರ ತುದಿಯಲ್ಲಿ ಗರಿಯಂಥ ಗೀರುಗಳು. ಅದು ಗಾಳಿ. ಗೀರು ಹೆಚ್ಚಿದಷ್ಟೂ ಗಾಳಿ ಜೋರು. ಅಷ್ಟು ಕೇಳಿಸಿಕೊಂಡು ವಿಡಿಯೊ ಮುಚ್ಚಿದೆ. ಗಾಳಿ ಎಲ್ಲಿಂದ ಎಲ್ಲಿಗೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ, ಕಣದಲ್ಲಿ ರಾಗಿ ತೂರುತ್ತಾ ಬೆಳೆದವಳು ನಾನು. ಮೊರ ಎತ್ತಿ ಹಿಡಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿ ಹೋಗುವ ಕಡೆಗೆ ಹಾರುತ್ತದೆ. ಸುತ್ತು ಕಾಳು, ಗರಿ ಹೊಟ್ಟು. ಗರಿ ಇರುವ ಕಡೆಗೆ ಗಾಳಿ ಹೋಗುತ್ತಿದೆ, ಮುಗಿಯಿತು.

ನಮ್ಮ ಹೊಲಕ್ಕೆ ಕೂಲಿಗೆ ಬರುವ ಅಕ್ಕ ಒಬ್ಬರಿದ್ದಾರೆ. ದೊಡ್ಡಗಾಜನೂರಿನ ದಾರಿಯಲ್ಲಿ ಅವರದೇ ಅರ್ಧ ಎಕರೆ ಇದೆ. ಅಲ್ಲಿ ಬೆಳೆಯುವ ರಾಗಿಯೇ ಅವರ ಮನೆಗೆ ವರ್ಷದ ಮುದ್ದೆ. ಕಳೆದ ಕಾರ್ತಿಕದಲ್ಲಿ, ತೆನೆ ಬಲಿತು ನಿಂತಾಗ, ಬಂದು ಕೇಳಿದರು.

‘ಮಳ ಬಂದದೇನವ್ವ? ಕುಯ್ಲಾ ಬ್ಯಾಡ್ವಾ?’

ನಕ್ಷೆ ತೆಗೆದೆ. ಸುತ್ತುಗಳು ಖಾಲಿ. ಕಡ್ಡಿಗಳೆಲ್ಲ ಮೂಡಲಿಗೆ ಗರಿ ಚಾಚಿದ್ದವು. ಮೋಡ ಎದ್ದರೂ ಗಾಳಿ ಅದನ್ನು ಮೂಡಲ ಸಮುದ್ರಕ್ಕೇ ವಾಪಸು ತಳ್ಳುತ್ತದೆ ಎಂದುಕೊಂಡೆ.

‘ಧೈರ್ಯವಾಗಿ ಕುಯ್ಯಕ್ಕ. ನಾಕು ದಿನ ಒಂದನಿ ಬೀಳಲ್ಲ.’

ಅವರು ಕುಯ್ದು, ಒಣಗಲೆಂದು ಹೊಲದಲ್ಲೇ ಹಿಡಿ ಹಿಡಿಯಾಗಿ ಅರಿ ಹರಡಿದರು. ಮಾರನೆಯ ಮಧ್ಯಾಹ್ನ ಮೂಡಲಿಂದಲೇ ಮೋಡ ಕವಿದು ಬಂತು. ಮೂರು ದಿನ ಮಳೆ ಬಿಡಲಿಲ್ಲ.

ನನಗೆ ನಿಂತಲ್ಲಿ ಕಾಲು ನಿಲ್ಲಲಿಲ್ಲ. ಆ ವಿಡಿಯೊ ಮತ್ತೆ ಹಾಕಿ ಈ ಸಲ ಪೂರ್ತಿ ನೋಡಿದೆ. ಗರಿ ಯಾವ ಕಡೆಗಿದೆಯೋ ಆ ಕಡೆಯಿಂದ ಗಾಳಿ ಬರುತ್ತದೆ ಎಂದು ಆತ ಹೇಳಿದ್ದು, ನಾನು ನಿಲ್ಲಿಸಿದ್ದ ಜಾಗದಿಂದ ಎರಡೇ ಮಾತಿನ ಆಚೆ. ನನ್ನ ಬುದ್ಧಿಗೆ ಬೆಂಕಿ ಹಾಕ!

ಮಳೆ ಬಿಟ್ಟಾಗ ಅವರ ಹೊಲಕ್ಕೆ ಹೋದೆ. ತೆನೆಗಳಲ್ಲಿ ಬಿಳೀ ಮೊಳಕೆ ಒಡೆದಿತ್ತು. ಅಕ್ಕ ಒಂದೊಂದೇ ಹಿಡಿ ಮಗುಚಿ ಹಾಕುತ್ತಿದ್ದರು.

‘ಬುಡವ್ವ, ಫೋನು ಸುಳ್ಳೇಳುದ್ರ ನೀನೇನ್ ಮಾಡಿಯೆ?’

ಆ ಮಾತಿಗೆ ಹೂಂ ಅಂದುಬಿಟ್ಟೆ. ಹೂಂ ಅಂದು ಮನೆಗೆ ಬಂದೆ. ಆ ನಾಚಿಕೆ ಈಗಲೂ ಹೋಗಿಲ್ಲ. ಎಂಟು ದಿನ ಯಾವ ಕೆಲಸಕ್ಕೆ ಕೈಹಾಕಿದರೂ ಅರ್ಧಕ್ಕೇ ಬಿಟ್ಟು ಎದ್ದೆ. ನಮ್ಮ ಮನೆಯ ರಾಗಿ ಮೂಟೆ ಕಳಿಸಿದೆ, ಅದರಿಂದಲೂ ಸಮಾಧಾನವಾಗಲಿಲ್ಲ. ಕೊನೆಗೆ ಅವರ ಜಗಲಿಗೇ ಹೋದೆ.

‘ಅಕ್ಕ, ಫೋನು ಸರಿಯಾಗೇ ಏಳಿತ್ತು. ತಪ್ಪಾಗಿ ಓದ್ದವ್ಳು ನಾನು.’

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

‘ಅದ ಓದಕ ಅಕ್ಸರ ಬೇಕಾ?’ ಎಂದು ಕೇಳಿದರು. ಅವರಿಗೆ ಕನ್ನಡವೂ ಓದಲು ಬಾರದು, ತಮಿಳೂ ಬಾರದು.

‘ಬ್ಯಾಡ ಕನಕ್ಕ. ಬರೀ ಗೀಟು, ಸುತ್ತು.’

‘ಅಂಗಾರ ತೋರ್ಸು.’

ಈ ವರ್ಷವೂ ಅವರ ಹೊಲದಲ್ಲಿ ತೆನೆ ಬಲಿತಿದೆ. ನಿನ್ನೆ ಬಂದರು. ಮಳೆ ಬರುತ್ತದಾ ಎಂದು ನನ್ನನ್ನು ಕೇಳಲಿಲ್ಲ, ಫೋನಿಗೆ ಕೈ ಚಾಚಿದರು. ಗರಿಯ ಮೇಲೆ ಬೆರಳಿಟ್ಟು ನಮ್ಮ ಕಡೆಯ ಸುತ್ತಿನವರೆಗೆ ಎಳೆದರು. ‘ಅಕ್ಕ, ಅದು...’ ಎಂದು ನಾನು ಬಾಯಿ ತೆರೆದೆ.

‘ನೀ ಸುಮ್ನಿರವ್ವ,’ ಎಂದರು. ‘ನಾ ನೋಡ್ಕತ್ತೀನಿ.’