ಗಾಡಿ ನಿಘಾಲೀ

ಉದಗೀರಕ್ಕೆ ಬಂದ ಮೊದಲ ವಾರ ನನ್ನ ಫೋನಿನ ತುಂಬ ಲಾರಿಗಳು. ಮನೆ ಮಾಲೀಕ ಶರಣಪ್ಪ ಕಾಕಾ ಧಾನ್ಯದ ವ್ಯಾಪಾರಿ. ತೊಗರಿಯೋ ಸೋಯಾವೋ ತುಂಬಿದ ಪ್ರತಿ ಲಾರಿಯ ಫೋಟೋ ಅವರ ವಾಟ್ಸಾಪ್ ಸ್ಟೇಟಸ್ಸಿಗೆ ಬರುತ್ತಿತ್ತು: ಗಾಡಿಯ ನಂಬರು, ಸರಕು, ಸೇರುವ ಊರು. ಮೇಲೆ ಮರಾಠಿಯಲ್ಲಿ ‘ಗಾಡಿ ನಿಘಾಲೀ’, ಗಾಡಿ ಹೊರಟಿತು. ತಲುಪಿದ ಮೇಲೆ ‘ಪೋಹೋಚಲೀ’. ಕೊಳ್ಳುವವನ ನಂಬಿಕೆ ನಿಂತಿರುವುದು ಇದರ ಮೇಲೆ. ಒಬ್ಬರ ಗಾಡಿಯನ್ನು ಉಳಿದವರೂ ತಮ್ಮ ಸ್ಟೇಟಸ್ಸಿಗೆ ಹಾಕಿಕೊಳ್ಳುವುದು ಪೇಟೆಯ ಮರ್ಯಾದೆ. ನಮ್ಮ ದಾವಣಗೆರೆಯಲ್ಲಿ ಹೊರಟ ಸರಕಿನ ಬಗ್ಗೆ ವ್ಯಾಪಾರಿಗಳು ಬಾಯಿ ಬಿಡುವುದನ್ನು ನಾನು ಕಂಡಿರಲಿಲ್ಲ.

ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾನು ಪತ್ರಿಕೆಯ ಡೆಸ್ಕ್ ಬಿಟ್ಟು ಬಂದೆ. ಇಲ್ಲಿ ಅಂಗಡಿಯಲ್ಲಿ ಮರಾಠಿ, ಮನೆಯೊಳಗೆ ಕನ್ನಡ. ಆ ಕನ್ನಡವೂ ನನ್ನದಲ್ಲ. “ಈ ತಂಗಿ ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ” ಎಂದು ಕಾಕಾನ ಹೆಂಡತಿ, ಕಾಕು, ನಗುತ್ತಿದ್ದರು. ಜೋಳದ ರೊಟ್ಟಿ ಹರಿಯದಂತೆ ತಟ್ಟಲು ಕಲಿಸಿದವರೂ ಅವರೇ. ಮಧ್ಯಾಹ್ನಗಳು ಮಾತ್ರ ಬಹಳ ಉದ್ದ.

ಅವರ ಮಗ ಮಹೇಶ ಸೈನ್ಯದಲ್ಲಿದ್ದಾನೆ. ರಜೆಗೆ ಬಂದಿದ್ದವನನ್ನು ಗಡಿಯಲ್ಲಿ ಬಿಗುವು ಹೆಚ್ಚಿದಾಗ ನಡುವೆಯೇ ಕರೆಸಿಕೊಂಡರು. ಹೋದ ಮೇಲೆ ಅವ್ವನಿಗೆ ಫೋನು ಮಾಡಿ, ತುಕಡಿ ಎಲ್ಲಿಂದ ಎಲ್ಲಿಗೆ ಹೊರಡಲಿದೆ ಎಂದು ಹೇಳಿದ. ಮರುದಿನ ಬೆಳಿಗ್ಗೆ ಕಾಕಾನ ಸ್ಟೇಟಸ್ಸಿನಲ್ಲಿ ಲಾರಿ ಇರಲಿಲ್ಲ. ಸಮವಸ್ತ್ರದ ಮಹೇಶನಿದ್ದ. ಕೆಳಗೆ ಅವನ ತುಕಡಿಯ ಹೆಸರು, ಹೊರಡುವ ನಿಲ್ದಾಣ, ಸೇರುವ ಜಾಗ. ಮೇಲೆ ‘ಗಾಡಿ ನಿಘಾಲೀ’.

ನಾನು ಕೆಳಗಿಳಿದು ಹೋದೆ. “ಕಾಕಾ, ಇದನ್ನ ತೆಗೀರಿ.”

“ಯಾಕವ್ವಾ? ಫೋಟೋ ಚಂದ ಬಂದಿಲ್ಲೇನು?”

“ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತ ಹೊರಗೆ ಗೊತ್ತಾಗಬಾರದು. ಅವನಿಗೂ ಅಪಾಯ, ಜೊತೆಯಲ್ಲಿರೋರಿಗೂ.”

“ನೋಡೋರೆಲ್ಲ ನಮ್ಮ ಮಂದೀನೇ ಅದಾರಲ್ಲ. ನಿಲಂಗಾದ ಬೀಗರು, ಉಮರ್ಗಾದ ವ್ಯಾಪಾರಿಗಳು. ಇವ್ರಾಗ ವೈರಿ ಯಾಂವ?”

“ಅವರ ಫೋನಿನಿಂದ ಮುಂದೆ ಯಾರಿಗೆ ಹೋಗುತ್ತೆ, ಹೇಳಿ.”

ಕಾಕಾ ಫೋನು ತೆಗೆದು ಅಳಿಸಿದರು. ಒಳಗಿನಿಂದ ಕಾಕು ಹೇಳಿದರು: “ತೊಗರಿ ಚೀಲಕ್ಕೂ ಹೊಟ್ಟಿ ಮಗಗೂ ಒಂದೇ ಚೀಟಿ ಹಚ್ಚ್ಯಾರ ನೋಡು.”

ಅಷ್ಟರಲ್ಲಿ ಪೇಟೆ ತನ್ನ ಮರ್ಯಾದೆ ತೋರಿಸಿಯಾಗಿತ್ತು. ದೇವಣಿಯವರೆಗೂ ವ್ಯಾಪಾರಿಗಳ ಸ್ಟೇಟಸ್ಸಿನಲ್ಲಿ ಮಹೇಶ ಹೊರಟುಬಿಟ್ಟಿದ್ದ. ಕಾಕು ಒಬ್ಬೊಬ್ಬರಿಗೇ ಫೋನು ಹಚ್ಚಿದರು. ಉಮರ್ಗಾದವನೊಬ್ಬ ಬೇಸರಪಟ್ಟ: “ನಾವ್ ಅಭಿಮಾನದಿಂದ ಹಾಕೀವ್ರೀ ಕಾಕು.”

“ಅಭಿಮಾನ ಮನ್ಯಾಗ ಇಟ್ಕೋಪಾ. ಮೊದಲ ಅಳಸು.”

ಸಂಜೆ ಮಹೇಶನ ಕರೆ ಬಂತು. ಕಾಕಾ ಸ್ಪೀಕರ್ ಹಾಕಿದರು.

“ಅಪ್ಪಾ, ನಿಮ್ಮ ಸ್ಟೇಟಸ್ ನಮ್ಮ ಸಾಹೇಬ್ರ ತನಕ ಬಂದದ. ನಾ ಮನಿಗಿ ಹೇಳಿದ್ದೇ ತಪ್ಪಂತ. ಹೋಗೋದು ಸದ್ಯಕ್ಕ ನಿಂತದ. ಫೋನ್ ಜಮಾ ಮಾಡ್ಲಕತ್ತೀನಿ. ಇನ್ನ ನನ್ನ ಫೋನ್ ಬರಂಗಿಲ್ಲ.”

ಕಾಕಾ “ಹೂಂ” ಎಂದರು. ಕಾಕು ಏನೋ ಕೇಳುವಷ್ಟರಲ್ಲಿ ಕರೆ ನಿಂತಿತು.

ಆಮೇಲೆ ಸ್ಟೇಟಸ್ಸಿನಲ್ಲಿ ಮತ್ತೆ ಲಾರಿಗಳು. ಅವು ಹೊರಡುತ್ತಿದ್ದವು, ತಲುಪುತ್ತಿದ್ದವು. ಮಗ ಹೊರಟನೋ ಇಲ್ಲವೋ ತಂದೆಗೆ ತಿಳಿದಿರಲಿಲ್ಲ. “ಮಹೇಶ ಎಲ್ಲಿ ಅದಾನ್ರೀ?” ಎಂದು ಯಾರಾದರೂ ಕೇಳಿದರೆ “ಗೊತ್ತಿಲ್ರೀ” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ನನ್ನನ್ನು ಕೇಳಿದಾಗ ನಾನೂ ಹಾಗೇ, ಅದೇ ರಾಗದಲ್ಲಿ ಹೇಳಿದೆ. ಈ ಸಲ ನನ್ನ ಕನ್ನಡಕ್ಕೆ ಯಾರೂ ನಗಲಿಲ್ಲ.

ಒಂದು ಬೆಳಿಗ್ಗೆ ಕಾಕಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಫೋನು ಜೇಬಿನಲ್ಲೇ ಇತ್ತು; ರಾತ್ರಿ ಅದು ಒಮ್ಮೆ ಬಾರಿಸಿದ್ದು ಮೇಲಿನವರೆಗೂ ಕೇಳಿಸಿತ್ತು.

“ಪೋಹೋಚಲೀ,” ಎಂದರು.

ಡೆಸ್ಕಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದಿಲ್ಲದ ವರದಿಯನ್ನು ನಾನು ವಾಪಸು ಕಳಿಸುತ್ತಿದ್ದೆ. ಈಗ ಏನೂ ಕೇಳಲಿಲ್ಲ. ಚಹಾಕ್ಕೆ ನೀರಿಟ್ಟೆ.

ಸಂಜೆ ದಾವಣಗೆರೆಯಿಂದ ಅಮ್ಮ ಫೋನು ಮಾಡಿದಳು. “ನಿಮ್ಮೂರಲ್ಲಿ ಏನು ಸುದ್ದಿ?” ಎಂದಳು. ಉದಗೀರವನ್ನು ಅವಳು ನನ್ನ ಊರೆಂದದ್ದು ಅದೇ ಮೊದಲು. ಹುಟ್ಟಿದಂದಿನಿಂದ ಅವಳಿಂದ ಏನನ್ನೂ ಮುಚ್ಚಿಟ್ಟವಳಲ್ಲ ನಾನು.

“ಏನೂ ಇಲ್ಲಮ್ಮ,” ಎಂದೆ.