ವಿಭೂತಿ ಗಟ್ಟಿಯೂ ನಿಂತುಹೋಗುವ ಕಾರೂ

ನಮ್ಮ ಮನೆಯ ದೇವರಗೂಡಿನಲ್ಲಿ ಒಂದು ಹಿತ್ತಾಳೆ ಬಟ್ಟಲಿದೆ, ಅದರಲ್ಲೊಂದು ವಿಭೂತಿ ಗಟ್ಟಿ. ಮನೆಯಲ್ಲಿರುವುದು ನಾನು ಮತ್ತು ನನ್ನ ಹೆಂಡತಿ, ಒಟ್ಟು ಎರಡೇ ಹಣೆ. ಯುಗಾದಿಗೆ ತಂದ ಗಟ್ಟಿ ದೀಪಾವಳಿಯವರೆಗೆ ಧಾರಾಳವಾಗಿ ಬರಬೇಕು. ಈ ವರ್ಷ ಅದು ಶ್ರಾವಣಕ್ಕೆ ಮೊದಲೇ ಅಡಿಕೆ ಹೋಳಿನಷ್ಟಾಗಿ ಬಟ್ಟಲಿನ ತಳದಲ್ಲಿ ಕೂತಿತ್ತು. ನನ್ನ ಕೂದಲು ಹಿಂದೆ ಸರಿದು ಹಣೆ ವಿಸ್ತಾರವಾಗುತ್ತಿರುವುದು ಸತ್ಯವಾದರೂ, ಒಂದು ಗಟ್ಟಿಯನ್ನೇ ನುಂಗುವಷ್ಟು ಅಗಲವಾಗಿಲ್ಲವಲ್ಲ ಎಂದು ಹೆಂಡತಿ ಕೇಳಿದಳು. ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯನ್ನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ನನಗೆ ಆಮೇಲಿನ ಎಷ್ಟೋ ತಲೆನೋವು ತಪ್ಪುತ್ತಿತ್ತು, ನಿಮಗೆ ಈ ಪ್ರಬಂಧ ತಪ್ಪುತ್ತಿತ್ತು.

ಮಧುಗಿರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಸಣ್ಣ ಅಂಗಡಿ ನನ್ನದು. ನನಗಿಂತ ಆರು ವರ್ಷ ದೊಡ್ಡವಳಾದ ಗೌರಕ್ಕ ಪಾವಗಡಕ್ಕೆ ಸೊಸೆಯಾಗಿ ಹೋದವಳು, ಅಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮೊದಲೆಲ್ಲ ಬಸ್ಸು ಹತ್ತಿ ಬರುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ನಮ್ಮೂರ ಬೆಟ್ಟದಷ್ಟೇ ಎತ್ತರವಾಯಿತು. ಫೋನಿನಲ್ಲಿ ಮಾತಾಡೋಣವೆಂದರೆ ನಮ್ಮಿಬ್ಬರಿಗೂ ಆ ವಿದ್ಯೆ ಬರುವುದಿಲ್ಲ. ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ, ಇಷ್ಟಾಗುವಷ್ಟರಲ್ಲಿ ಮಾತಿನ ಬಾವಿ ಬತ್ತಿಹೋಗುತ್ತದೆ. ಬಾಯಿಗೆ ಮಾತು ಬರಬೇಕಾದರೆ ಕೈಗೆ ಆಟ ಬೇಕು, ಹಾಗೆ ಬೆಳೆದವರು ನಾವು. ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಬಳಪದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತ ಊರಿನ ಸಮಸ್ತ ವಿಷಯಗಳನ್ನೂ ಚರ್ಚಿಸಿದವರು.

ಹೀಗಾಗಿ ಹಳೆಯ ಕಂಪ್ಯೂಟರುಗಳೆರಡನ್ನು, ಒಂದೇ ಮಾದರಿಯವು, ಜೋಡಿ ಎತ್ತಿನಂತೆ ಆರಿಸಿ ತಂದೆ. ಎರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಪುಕ್ಕಟೆ ಸಿಗುವ ಒಂದು ಕಾರು ಓಟದ ಆಟವನ್ನು ಇಳಿಸಿ, ಒಂದನ್ನು ಪಾವಗಡದಲ್ಲಿ ಅಕ್ಕನ ಮೇಜಿನ ಮೇಲೆ ಕೂರಿಸಿ ಬಂದೆ. ಅಂದಿನಿಂದ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಪಂದ್ಯ. ಬಿಸಿಲಿಗೇ ಹೆಸರಾದ ತಾಲ್ಲೂಕಿನಲ್ಲಿ ಕುಳಿತ ನನ್ನಕ್ಕ ಹಿಮ ಕವಿದ ಪರ್ವತದ ಅಂಚಿನಲ್ಲಿ ಕೆಂಪು ಕಾರು ಓಡಿಸುತ್ತ, ಪಕ್ಕದಲ್ಲಿ ಫೋನಿಟ್ಟುಕೊಂಡು, ತಿರುಮಣಿ ಕಡೆಯ ನೆಂಟರ ಹೊಲವೆಲ್ಲ ಸೋಲಾರ್ ಹಲಗೆಗಳ ಕೆಳಗೆ ಹೋದ ಕಥೆಯನ್ನೂ, ಕೊಡಿಗೇನಹಳ್ಳಿಯ ಚಿಕ್ಕಮ್ಮನ ಹುಣಸೆ ತೊಕ್ಕಿನ ಗುಟ್ಟನ್ನೂ ಒಂದೂವರೆ ಗಂಟೆ ಹೇಳುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ನನಗೆ ನನ್ನಕ್ಕ ಮತ್ತೆ ಸಿಕ್ಕಿದ್ದಳು. ವಾರದ ಆರು ದಿನ ನಾನು ಆ ಏಳನೆಯದಕ್ಕಾಗಿ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಮೇಲೆ ನನ್ನ ಕಾರು ನಿಲ್ಲತೊಡಗಿತು. ಮೊದಲು ತೊದಲುತ್ತಿತ್ತು, ತಿರುವಿನಲ್ಲಿ ಕೀಲಿ ಒತ್ತಿದರೆ ತಿರುವು ದಾಟಿದ ಮೇಲೆ ತಿರುಗುತ್ತಿತ್ತು. ಬರಬರುತ್ತ ಕೊನೆಯ ಸುತ್ತು ಬಂದಿತೆಂದರೆ ಪರದೆಗೆ ಪರದೆಯೇ ಸ್ತಬ್ಧ. ಕಾರು ಗಾಳಿಯಲ್ಲಿ, ಹಿಮದ ಹನಿ ಅರ್ಧದಾರಿಯಲ್ಲಿ, ಮೌಸಿನ ಬಾಣ ಇದ್ದಲ್ಲೇ. ಗುಂಡಿ ಅದುಮಿ ಹೊಸದಾಗಿ ಶುರುಮಾಡುವುದೊಂದೇ ದಾರಿ.

ಇಲ್ಲಿ ನಮ್ಮ ಮನೆಯ ಒಂದು ಕಾಯಿದೆಯನ್ನು ಹೇಳಬೇಕು. ಚೌಕಾಬಾರದಲ್ಲಿ ಕಾಯಿ ಕಲಕಿಹೋದರೆ ಆ ಆಟ ರದ್ದು, ಗೆದ್ದವರಿಲ್ಲ, ಸೋತವರಿಲ್ಲ, ಮೊದಲಿನಿಂದ ಶುರು. ಇದೇ ಕಾಯಿದೆಯನ್ನು ಕಾರಿನ ಆಟಕ್ಕೂ ತಂದಿದ್ದೆವು. ಬಾಲ್ಯದಲ್ಲಿ ನಾನು ಸೋಲುವ ಹೊತ್ತಿಗೆ ಸರಿಯಾಗಿ ನನ್ನ ಕಾಲಿಗೆ ಜೋಮು ಹಿಡಿಯುತ್ತಿತ್ತು. ಕಾಲು ಚಾಚಿದರೆ ಹುಣಸೆ ಬೀಜದ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. ಇಂಥ ಪೂರ್ವಚರಿತ್ರೆ ಇರುವವನ ಕಾರು ಐವತ್ತೈದನೆಯ ವಯಸ್ಸಿನಲ್ಲಿ, ಅದೂ ಪ್ರತಿ ಬಾರಿ ಸೋಲುವ ಗಳಿಗೆಯಲ್ಲಿ ನಿಂತುಹೋದರೆ ಯಾರು ತಾನೆ ನಂಬುತ್ತಾರೆ? ಮೂರು ವಾರ ಅಕ್ಕ ನಕ್ಕಳು. ನಾಲ್ಕನೆಯ ವಾರ ನಗಲಿಲ್ಲ.

“ಲೇ, ಇನ್ನೊಂದ್ ದಪ ಇಂಗಾದ್ರೆ ನಾನ್ ಆಡಲ್ಲ ಬುಡು. ಕಂಪ್ಯೂಟ್ರ ಮೇಲೆ ಗೂಬೆ ಕೂರಿಸ್ಬ್ಯಾಡ” ಎಂದಳು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸೋತರೆ ಸೋತೇನು, ಆದರೆ ಭಾನುವಾರದ ಮಧ್ಯಾಹ್ನಗಳು ಮತ್ತೆ ‘ಊಟ ಆಯ್ತಾ’ಗೆ ಇಳಿದುಹೋದರೆ?

ಲಿನಕ್ಸಿನ ಸದ್ಗುಣವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ, ದುರ್ಗುಣವೂ ಅದೇ. ಬಳಕೆದಾರರು ಸೇರುವ ಜಾಲತಾಣಗಳಲ್ಲಿ ಮುಖ ಕಾಣದ ಮಹನೀಯರು ಬರೆದ ಆಜ್ಞೆಗಳನ್ನು ಅರ್ಥ ತಿಳಿಯದ ಮಂತ್ರದಂತೆ ಅಕ್ಷರ ತಪ್ಪದೆ ಕಪ್ಪು ಕಿಟಕಿಯಲ್ಲಿ ಬಡಿದೆ. ಚಿತ್ರ ಮೂಡಿಸುವ ಡ್ರೈವರ್ ಬದಲಿಸಿದೆ. ಲಿನಕ್ಸಿನ ತಿರುಳಾದ ಕರ್ನಲನ್ನು ಹಳೆಯದಕ್ಕೆ ಮರಳಿಸಿದೆ. ಪರದೆಯ ನೆರಳು, ಮೆರುಗುಗಳನ್ನೆಲ್ಲ ಕಿತ್ತುಹಾಕಿ ಅದನ್ನು ಸನ್ಯಾಸಿ ಮಾಡಿದೆ. ಇಂಟರ್ನೆಟ್ ತಂತಿಯವನನ್ನು ಕರೆಸಿ ಅವನೊಡನೆ ಜಗಳವನ್ನೂ ಆಡಿದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ಸಾಲದ್ದಕ್ಕೆ ಯಂತ್ರ ತಾನೇ ಬರೆದಿಡುವ ದಿನಚರಿಯನ್ನೂ ತೆರೆದು ಓದಿದೆ. ಅದರಲ್ಲಿ ಸಾಲುಸಾಲಾಗಿ ಬರೆದಿತ್ತು: ಕಾವು ಏರಿದೆ, ವೇಗ ಇಳಿಸಿದ್ದೇನೆ, ಕಾವು ಏರಿದೆ, ವೇಗ ಇಳಿಸಿದ್ದೇನೆ. ರೋಗಿ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡರೂ ವೈದ್ಯನಾದ ನಾನು ಮಧುಗಿರಿಯ ಬಂಡೆಯ ಝಳವೇ ಇದಕ್ಕೆ ಕಾರಣವೆಂದು ತೀರ್ಮಾನಿಸಿ ಒಂದು ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆ. ರೋಗ ಇನ್ನಷ್ಟು ಉಲ್ಬಣಿಸಿತು.

ಶನಿವಾರ ಅಕ್ಕನಿಗೆ ಫೋನು ಮಾಡಿ ನಮ್ಮೂರ ಸೆಕೆಯ ಮೇಲೆ ದೂರು ಹೇಳಿದೆ. ಅವಳೊಳಗಿನ ಗಣಿತದ ಮೇಷ್ಟ್ರು ಎಚ್ಚರಗೊಂಡಿರಬೇಕು. ನಿನ್ನೂರಿಗಿಂತ ನನ್ನೂರು ತಂಪೇನೋ ಎಂದು ಕೇಳಿದಳು. ಆಮೇಲೆ ತಾನೇ ಲೆಕ್ಕ ಬಿಡಿಸತೊಡಗಿದಳು. ಎರಡೂ ಒಂದೇ ಯಂತ್ರ, ಒಂದೇ ಲಿನಕ್ಸು, ಒಂದೇ ಆಟ. ಅವಳದು ಓಡುತ್ತದೆ, ನನ್ನದು ನಿಲ್ಲುತ್ತದೆ. ಹಾಗಾದರೆ ಅವಳು ಮಾಡದ ಏನನ್ನೋ ನಾನು ಮಾಡುತ್ತಿದ್ದೇನೆ. ಅದೇನು ಎಂಬುದಷ್ಟೇ ಲೆಕ್ಕ. ಭಾನುವಾರ ಊಟ ಮುಗಿಸಿ ಎದ್ದಾಗಿನಿಂದ ಏನೇನು ಮಾಡುತ್ತೀಯೋ ಎಲ್ಲವನ್ನೂ ಬಿಡದೆ ಹೇಳು ಎಂದಳು. ಕೈ ತೊಳೀತೀನಿ, ಮೇಜು ಒರೆಸ್ತೀನಿ, ದೇವರಿಗೆ ಕೈ ಮುಗಿದು ಕಂಪ್ಯೂಟರಿಗೆ ವಿಭೂತಿ ಹಚ್ತೀನಿ, ಕೂತ್ಕೊಳ್ತೀನಿ ಎಂದೆ.

“ಏಮಿರಾ, ಎಲ್ಲಿಗ್ ಹಚ್ತೀಯ?” ಪಾವಗಡದ ತೆಲುಗು ಬೆರೆಸಿ ಕೇಳಿದಳು ಅಕ್ಕ.

“ಮುಂದ್ಗಡೆ ಕಣಕ್ಕ. ತೂತ್ ತೂತ್ ಇರ್ತದಲ್ಲ, ಜಾಲರಿ, ಅದೇ ಅದರ ಹಣೆ ಇದ್ದಂಗೆ.”

ಮೊದಲು ಅದನ್ನು ಬಿಚ್ಚಿ ಒಳಗೆ ನೋಡು ಎಂದಳು ಅಕ್ಕ. ನಮ್ಮ ಮನೆಗಳಲ್ಲಿ ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ನನ್ನ ಅಚ್ಚಿನ ಯಂತ್ರಕ್ಕೂ ಸೋಮವಾರ ಸೋಮವಾರ ಮೂರು ಪಟ್ಟೆ ಎಳೆಯುವುದು ತಾತನ ಕಾಲದ ರೂಢಿ. ಕಂಪ್ಯೂಟರಿಗೂ ಹಾಗೇ ಶುರುಮಾಡಿದ್ದೆ. ಸೋಲು ಹೆಚ್ಚಿದಂತೆ ಸೋಮವಾರದ್ದು ಸಾಲದೆ ಭಾನುವಾರಕ್ಕೂ ಬಂತು. ಕಾರು ನಿಲ್ಲತೊಡಗಿದ ಮೇಲೆ ಭಯ ಭಕ್ತಿಗಳೆರಡೂ ಏರಿ, ಒಣ ಗಟ್ಟಿಯನ್ನೇ ಹಿಡಿದು ದಿನಾ ಜಾಲರಿಯ ಮೇಲೆ ಗಸಗಸ ಉಜ್ಜುತ್ತಿದ್ದೆ. ಕೊಬ್ಬರಿಯನ್ನು ತುರಿಮಣೆಗೆ ಹಿಡಿದಂತೆಯೇ ಅದು. ಉದುರಿದ ಪುಡಿಯನ್ನು ಒಳಗಿನ ಫ್ಯಾನು ಶ್ರದ್ಧೆಯಿಂದ ಎಳೆದುಕೊಳ್ಳುತ್ತಿತ್ತು. ಹೊರಗಿಟ್ಟ ಟೇಬಲ್ ಫ್ಯಾನು ಅದಕ್ಕೆ ಸಹಾಯ ಮಾಡುತ್ತಿತ್ತು.

ಸ್ಕ್ರೂ ಬಿಚ್ಚಿ ನೋಡಿದೆ. ಫ್ಯಾನಿನ ರೆಕ್ಕೆ ರೆಕ್ಕೆಗೂ ವಿಭೂತಿ, ಕಾವು ಕಳೆಯುವ ಲೋಹದ ಪದರಗಳ ಮೇಲೆ ಬೆರಳ ದಪ್ಪ ವಿಭೂತಿ. ಸರ್ವಾಂಗ ಭಸ್ಮಧಾರಿಯಾಗಿ ಆ ಯಂತ್ರ ಉಸಿರು ಬಿಗಿಹಿಡಿದು ಕೂತಿತ್ತು. ಹೆಂಡತಿ ಇಣುಕಿ ನೋಡಿ, ಗಟ್ಟಿ ಸಿಕ್ಕಿತು ಬಿಡಿ ಎಂದಳು. ಹಳೆಯ ಬ್ರಷ್ಷಿನಲ್ಲಿ ಪುಡಿ ಕೊಡವುವಾಗ ನನಗೆ ನಗುವಿನ ಜೊತೆ ಸ್ವಲ್ಪ ಸಂಕಟವೂ ಆಯಿತು. ಹೆದರಿದವನ ಪ್ರೀತಿ ಹೀಗೇ ಇರುತ್ತದೋ ಏನೋ. ಕಳೆದುಹೋಗದಿರಲಿ ಎಂದು ಉಜ್ಜಿ ಉಜ್ಜಿ ಗಾಳಿಯಾಡುವ ತೂತುಗಳನ್ನೇ ಮುಚ್ಚಿಬಿಡುತ್ತದೆ.

ಮರುದಿನದ ಪಂದ್ಯ ಕೊನೆಯವರೆಗೂ ನೀರು ಹರಿದಂತೆ ಓಡಿತು. ನಾನು ಸೋತೆ. ಇನ್ನೊಂದು ಆಡಿದೆವು, ಸೋತೆ. ಮೂರನೆಯದೂ ಸೋತೆ. ಇಷ್ಟು ದಿನ ವಿಭೂತಿ ನಿನ್ನ ಮಾನ ಕಾಪಾಡಿತ್ತು ಎಂದು ಅಕ್ಕ ನಕ್ಕಳು. ಯಂತ್ರದ ಸತ್ಯ ಹೊರಬಿದ್ದ ದಿನ ನನ್ನದೂ ಬೀಳಲಿ ಎನ್ನಿಸಿ, ಜಗಲಿಯ ಮೇಲೆ ನನಗೆ ಯಾವತ್ತೂ ಜೋಮು ಹಿಡಿದಿರಲಿಲ್ಲ, ಬೇಕೆಂದೇ ಕಾಯಿ ಕಲಕುತ್ತಿದ್ದೆ ಎಂದು ಒಪ್ಪಿಕೊಂಡೆ.

“ಗೊತ್ತಿತ್ತು ಕಣ್ಲಾ” ಎಂದಳು ಅಕ್ಕ. “ಆಟ ಮುಗೀತು ಅಂದ್ರೆ ಅಮ್ಮ ನನ್ನ ಪಾತ್ರೆ ತೊಳಿಯಾಕೆ ಕರೀತಿದ್ಲು. ನೀನ್ ಕಲಕ್ಬುಟ್ರೆ ನಂಗೆ ಇನ್ನೊಂದ್ ಆಟ ಸಿಕ್ತಿತ್ತು.”

ನಲವತ್ತು ವರ್ಷಕ್ಕೂ ಮೇಲೆ ನನ್ನ ಮೋಸವೆಂದು ಒಳಗೇ ಇಟ್ಟುಕೊಂಡದ್ದು ಅವಳ ಪಾಲಿಗೆ ಬಿಡುವಾಗಿತ್ತೆಂದು ತಿಳಿದಾಗ ಏನು ಹೇಳಬೇಕು, ನೀವೇ ಹೇಳಿ.

ಈಗ ದೇವರಗೂಡಿನಲ್ಲಿ ಹೊಸ ಗಟ್ಟಿಯಿದೆ. ನನ್ನ ಹಣೆಗಷ್ಟೇ ಹಚ್ಚಿಕೊಳ್ಳುತ್ತೇನೆ. ಜಾಲರಿಯನ್ನು ಒಣಬಟ್ಟೆಯಲ್ಲಿ ಒರೆಸಿ ಸುಮ್ಮನೆ ಕೈ ಮುಗಿಯುತ್ತೇನೆ. ಕಳೆದ ಭಾನುವಾರ ಅಪರೂಪಕ್ಕೆ ನಾನೇ ಮುಂದಿದ್ದೆ. ಕೊನೆಯ ತಿರುವು, ಗೆಲುವಿನ ಕಮಾನು ಎದುರಿಗೇ ಕಾಣುತ್ತಿತ್ತು. ಹಿಂದೆ ಬರುತ್ತಿದ್ದ ಕೆಂಪು ಕಾರು ಇದ್ದಕ್ಕಿದ್ದಂತೆ ನಿಂತು, ಪಂದ್ಯದಿಂದಲೇ ಮಾಯವಾಯಿತು. ಸಿಸ್ಟಮ್ಮು ಸ್ಟಕ್ ಆಯ್ತು ಎಂದಳು ಅಕ್ಕ. ಅವಳ ಯಂತ್ರಕ್ಕೆ ಇಂದಿನವರೆಗೆ ವಿಭೂತಿ ಸೋಕಿಲ್ಲ.

“ಕಾಲ್ ಜೋಮು ಹಿಡೀತೇನಕ್ಕ?” ಎಂದೆ.

ಅತ್ತ ಕಡೆಯಿಂದ ನಗು ಬಂತು. ಕಾಯಿದೆಯ ಪ್ರಕಾರ ಆ ಆಟ ರದ್ದಾಯಿತು, ನಾವು ಮೊದಲಿನಿಂದ ಶುರುಮಾಡಿದೆವು. ಹೊಸ ಗಟ್ಟಿ ದೀಪಾವಳಿಯವರೆಗೆ ಬರುವಂತೆ ಕಾಣುತ್ತದೆ.